ಭಾವನವರ ದೋಣಿಯ ಮುದಿ ಇಂಜಿನು

ಮನೆಯಲ್ಲಿ ಯಾವುದಾದರೊಂದು ವಸ್ತು ಕೆಟ್ಟಿತೆಂದರೆ ನಮ್ಮೆಲ್ಲರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: ‘ಹಳೆಯದಾಯಿತು’. ರುಬ್ಬುವ ಯಂತ್ರ ಗೊರಗೊರ ಎಂದರೆ ಹಳೆಯದಾಯಿತು. ಸ್ಕೂಟರು ಬೆಳಗಿನ ಹೊತ್ತು ನಾಲ್ಕು ಒದೆ ತಿಂದ ಮೇಲೆ ಎಚ್ಚೆತ್ತರೆ ಹಳೆಯದಾಯಿತು. ಈ ಮಾತನ್ನು ಆಡಿದ ಮೇಲೆ ಮುಂದೆ ವಿಚಾರಿಸುವುದಕ್ಕೆ ಏನೂ ಉಳಿಯುವುದಿಲ್ಲವಾದ್ದರಿಂದ ಎಲ್ಲರಿಗೂ ಒಂದು ಬಗೆಯ ಸಮಾಧಾನವೂ ಆಗುತ್ತದೆ. ನಾನೂ ಬಹುಕಾಲ ಈ ಮತದವನೇ ಆಗಿದ್ದೆನು. ಬಂಟ್ವಾಳದ ಸಮೀಪದಲ್ಲಿ ನನ್ನ ಭಾವನವರ ದೋಣಿಗೆ ಕಟ್ಟಿದ್ದ ಒಂದು ಮುದಿ ಇಂಜಿನು ನನ್ನನ್ನು ಈ ಮತದಿಂದ ಬಿಡಿಸಿತು. ಅದರ ಕಥೆಯನ್ನು ಈ ವಾರ ಹೇಳಬೇಕೆಂದಿದ್ದೇನೆ. ವಾಚಕರಲ್ಲಿ ದೋಣಿಯುಳ್ಳವರು ಎಷ್ಟು ಮಂದಿಯೋ ನಾನರಿಯೆ; ಆದರೆ ಹಳೆಯ ಯಂತ್ರವೊಂದು ಇಲ್ಲದ ಮನೆ ಇರಲಾರದು.

ನಾನು ಪಾಠ ಹೇಳುವುದು ಮೂಡಬಿದಿರೆಯಲ್ಲಿ. ಅಕ್ಕನನ್ನು ಕೊಟ್ಟಿರುವುದು ಬಂಟ್ವಾಳದಿಂದ ಕೆಲವು ಮೈಲಿ ಮೇಲಕ್ಕೆ, ನೇತ್ರಾವತಿಯ ದಡದಲ್ಲಿರುವ ಒಂದು ಅಡಿಕೆ ತೋಟದ ಮನೆಗೆ. ಘಟ್ಟದಲ್ಲಿ ಹುಟ್ಟಿದ ಈ ನದಿ ಬೆಳ್ತಂಗಡಿ ಸೀಮೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳಕ್ಕೆ ಬರುವಷ್ಟರಲ್ಲಿ ಈಜುಗಾರನೂ ಒಮ್ಮೆ ಯೋಚಿಸುವಷ್ಟು ಅಗಲವಾಗಿರುತ್ತದೆ. ಹಿಂದಿನ ಕಾಲದಲ್ಲಿ ಮೈಸೂರು ಸೀಮೆಯ ಕಾಫಿ ಮೊದಲಾದ ಸರಕು ಘಟ್ಟವಿಳಿದು ಬಂದು, ಬಂಟ್ವಾಳದಲ್ಲಿ ದೋಣಿಯೇರಿ ಮಂಗಳೂರಿಗೆ ಹೋಗುತ್ತಿದ್ದಿತು. ಪಾಣೆಮಂಗಳೂರಿನ ಸೇತುವೆ, ಹೆದ್ದಾರಿ, ತುಂಬೆಯ ಅಣೆಕಟ್ಟು ಎಲ್ಲ ಬಂದ ಮೇಲೆ ಆ ವ್ಯಾಪಾರದ ದೋಣಿಗಳು ಮರೆಯಾದವು. ಆದರೂ ಹೊಳೆಯ ಎರಡು ದಡದಲ್ಲಿಯೂ ಬದುಕನ್ನು ಹಂಚಿಕೊಂಡಿರುವ ಕುಟುಂಬಗಳಿಗೆ ದೋಣಿ ತಪ್ಪಿದ್ದಲ್ಲ. ಅಕ್ಕನ ಮನೆ ಈಚೆ ದಡದಲ್ಲಿ. ಭಾವನವರ ಚಿಕ್ಕಪ್ಪನ ಮನೆಯೂ ತೋಟದ ಅರ್ಧ ಭಾಗವೂ ಆಚೆ ದಡದಲ್ಲಿ. ದೋಣಿಯಲ್ಲಿ ಹೋದರೆ ಹತ್ತು ನಿಮಿಷ. ಸೇತುವೆಯನ್ನು ಹುಡುಕಿಕೊಂಡು ರಸ್ತೆಯಲ್ಲಿ ಸುತ್ತಿದರೆ ಒಂದು ಗಂಟೆ.

ಭಾವನವರು ದೋಣಿಯ ಹಿಂಬದಿಯ ಹಲಗೆಗೆ ತೂಗುಹಾಕಿದ್ದ ಇಂಜಿನು ಕಡಲ ಕರೆಯಿಂದ ಬಂದದ್ದು. ನಮ್ಮ ಕರಾವಳಿಯ ಬೆಸ್ತರು ತಮ್ಮ ನಾಡದೋಣಿಗಳಿಗೆ ಕಟ್ಟುವ ಜಾತಿಯದು: ಎರಡು ಸಿಲಿಂಡರು, ಎರಡು ಹೊಡೆತದ ಯಂತ್ರ, ೯.೯ ಅಶ್ವಶಕ್ತಿ, ತೂಕ ಸುಮಾರು ನಲವತ್ತು ಕಿಲೋ. ಅಲ್ಲಿ ಕೆಲವು ವರ್ಷ ಉಪ್ಪುನೀರು ಕುಡಿದು ದಣಿದ ಮೇಲೆ, ಸಿಹಿನೀರಿನಲ್ಲಿ ವಿಶ್ರಾಂತಿ ಪಡೆಯಲೆಂಬಂತೆ ನೇತ್ರಾವತಿಗೆ ಬಂದಿದ್ದಿತು. ಬಂದು ಹದಿನೈದು ವರ್ಷಗಳಾಗಿದ್ದವು. ಹಗ್ಗವನ್ನು ಹತ್ತು ಸಲ ಎಳೆಯದೆ ಏಳುತ್ತಿರಲಿಲ್ಲ. ಎದ್ದರೆ ಊರಿಗೆಲ್ಲ ಹೊಗೆ. ಮೂರು ಮಂದಿ ಕುಳಿತರೆ ಪ್ರವಾಹಕ್ಕೆ ಎದುರಾಗಿ ಹೋಗುವುದೇ ಪ್ರಯಾಸ. “ಹಳೆಯದಾಯಿತು ಮಾಷ್ಟ್ರೇ, ಇನ್ನೆಷ್ಟು ಎಳೆದೀತು?” ಎಂದು ಭಾವನವರು ಅದರ ತಲೆಯನ್ನು ತಟ್ಟುತ್ತಿದ್ದರು.

೨೦೧೯ರ ಆಗಸ್ಟಿನ ಮಳೆಯನ್ನು ಈ ಭಾಗದವರು ಮರೆಯುವಂತಿಲ್ಲ. ಬೆಳ್ತಂಗಡಿ ತಾಲೂಕಿನಲ್ಲಿ ಚಾರ್ಮಾಡಿಯ ಬುಡದ ಹಳ್ಳಿಗಳನ್ನು ಹೊಳೆಗಳು ಮುರಿದುಕೊಂಡು ನುಗ್ಗಿದವು. ಮರದ ದಿಮ್ಮಿಗಳು, ಬಂಡೆಗಳು, ಮರಳು ಗದ್ದೆ ತೋಟಗಳ ಮೇಲೆ ಬಂದು ಬಿದ್ದವು. ಆ ನೀರೆಲ್ಲ ಕೆಳಗೆ ಬಂಟ್ವಾಳಕ್ಕೇ ಬರಬೇಕು, ಬಂದಿತು. ಕಾಲೇಜಿಗೆ ರಜೆ ಕೊಟ್ಟಿದ್ದರಿಂದ ನಾನು ಅಕ್ಕನ ಮನೆಯಲ್ಲಿದ್ದೆನು. ಮಧ್ಯಾಹ್ನದ ಹೊತ್ತಿಗೆ ಆಚೆ ದಡದ ಮನೆಯಂಗಳಕ್ಕೆ ನೀರು ಏರಿದ್ದು ಕಣ್ಣಿಗೆ ಕಾಣುತ್ತಿತ್ತು. ಚಿಕ್ಕಪ್ಪನವರಿಗೆ ಎಪ್ಪತ್ತೆಂಟು ವರ್ಷ. ೧೯೭೪ರ ನೆರೆಯನ್ನು ಯೌವನದಲ್ಲಿ ಕಂಡು ದಾಟಿದವರಾದ್ದರಿಂದ, ಮನೆ ಬಿಟ್ಟು ಬನ್ನಿರೆಂದು ಬೆಳಿಗ್ಗೆ ಫೋನಿನಲ್ಲಿ ಬೇಡಿಕೊಂಡಾಗ ನಕ್ಕುಬಿಟ್ಟಿದ್ದರು. ಮಧ್ಯಾಹ್ನ ಫೋನು ಸ್ತಬ್ಧವಾಯಿತು.

ಭಾವನವರೂ ನಾನೂ ದೋಣಿ ಬಿಟ್ಟೆವು. ಮೈಮೇಲೆ ತೇಲುವ ಜಾಕೆಟು ಕೂಡ ಇಲ್ಲದೆ ಆ ನೀರಿಗೆ ಇಳಿದದ್ದು ಶುದ್ಧ ಮೂರ್ಖತನವೆಂದು ಇಂದು ಒಪ್ಪಿಕೊಳ್ಳುತ್ತೇನೆ. ಇಂಜಿನು ಎಂದಿನಂತೆ ಕೆಮ್ಮುತ್ತ ಎದ್ದಿತು. ಹೊಳೆಯ ನಡುವಿಗೆ ಬಂದೊಡನೆ ಭಾವನವರು ಪೂರ್ತಿ ವೇಗ ಕೊಟ್ಟರು. ಅದು ಎರಡು ಸಲ ಬಿಕ್ಕಿ, ನಿಂತಿತು. ಆಮೇಲಿನ ಕಾಲು ಗಂಟೆಯನ್ನು ವರ್ಣಿಸುವುದಕ್ಕೆ ನಾನು ಕಲಿತ ಸಾಹಿತ್ಯ ಸಾಲದು. ಭಾವನವರು ಹಗ್ಗವನ್ನು ಎಳೆಯುತ್ತಲೇ ಇದ್ದರು, ನಾನು ಹುಟ್ಟು ಹಾಕುತ್ತಲೇ ಇದ್ದೆನು, ದೋಣಿ ಮಾತ್ರ ನಮ್ಮಿಬ್ಬರ ಕಡೆಗೂ ಲಕ್ಷ್ಯಕೊಡದೆ ಮಂಗಳೂರಿನ ಕಡೆಗೆ ಹೋಗುತ್ತಿತ್ತು. ಅರ್ಧ ಮೈಲಿ ಕೆಳಗೆ ನಮ್ಮದೇ ದಡದ ಒಂದು ಬಿದಿರ ಮೆಳೆ ನಮ್ಮನ್ನು ಹಿಡಿದು ನಿಲ್ಲಿಸಿತು. ಚಿಕ್ಕಪ್ಪನವರು ಆ ರಾತ್ರಿಯನ್ನು ಅಟ್ಟದ ಮೇಲೆ ಒಬ್ಬರೇ ಕಳೆದರು. ಮರುದಿನ ಬೇರೊಂದು ದೋಣಿಯವರು ಅವರನ್ನು ಕರೆತಂದರು.

ಅವರು ಬಂದು ಕುಳಿತು ಗಂಜಿ ಉಂಡು ಮುಗಿಸುವುದನ್ನೇ ಕಾದಿದ್ದವರಂತೆ ಭಾವನವರು, “ಆ ಹಳೆಯ ಪೀಡೆಯನ್ನು ನಾಳೆಯೇ ಗುಜರಿಗೆ ಕೊಡುತ್ತೇನೆ” ಎಂದರು. ಚಿಕ್ಕಪ್ಪನವರು ಕೈತೊಳೆಯುತ್ತ, “ಹಾಗಾದರೆ ನನ್ನನ್ನೂ ಅದರ ಜೊತೆಗೇ ಕೊಡು, ನಾನು ಅದಕ್ಕಿಂತ ಹಳಬ. ಅದಕ್ಕೆ ಏನಾಗಿದೆಯೆಂದು ಯಾರಾದರೂ ನೋಡಿದ್ದೀರೋ?” ಎಂದು ಕೇಳಿದರು. ನಾವು ಯಾರೂ ನೋಡಿರಲಿಲ್ಲ. ಹದಿನೈದು ವರ್ಷಗಳಲ್ಲಿ ಪ್ಲಗ್ಗು ಬದಲಿಸಿದ್ದನ್ನು ಬಿಟ್ಟರೆ ಆ ಯಂತ್ರಕ್ಕೆ ಮತ್ತಾವ ಉಪಚಾರವೂ ನಡೆದಿರಲಿಲ್ಲ.

ದೋಣಿಯ ಹಿಂದೆ ಹೊರಗಡೆಗೆ ಸಿಕ್ಕಿಸುವ ಇಂತಹ ಇಂಜಿನನ್ನು ಜನಪ್ರಿಯಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಬೆಳೆದ ಓಲೆ ಎವಿನ್‌ರೂಡ್ ಎಂಬವನು. ಬೇಸಗೆಯ ಒಂದು ದಿನ ಪ್ರಿಯತಮೆಗಾಗಿ ಸರೋವರದ ಆಚೆಯಿಂದ ಐಸ್‌ಕ್ರೀಮು ತರಲು ಹುಟ್ಟುಹಾಕಿಕೊಂಡು ಹೋಗಿ, ಹಿಂದಿರುಗುವಷ್ಟರಲ್ಲಿ ಅದು ಕರಗಿಹೋದುದೇ ಅವನಿಗೆ ಈ ಯೋಚನೆ ಹುಟ್ಟಲು ಕಾರಣವೆಂದು ಒಂದು ಕಥೆಯುಂಟು. ೧೯೦೯ರಲ್ಲಿ ಅವನು ಮಾರಾಟಕ್ಕೆ ತಂದ ಇಂಜಿನಿನ ಶಕ್ತಿ ಒಂದೂವರೆ ಅಶ್ವಶಕ್ತಿ. ಅವನ ಹೆಸರಿನ ಇಂಜಿನುಗಳ ತಯಾರಿಕೆ ೨೦೨೦ರಲ್ಲಿ ನಿಂತುಹೋಯಿತು. ಆದರೆ ಆ ಹೆಸರಿನ ಹಳೆಯ ಇಂಜಿನುಗಳು ಲೋಕದಲ್ಲಿ ಇಂದಿಗೂ ಓಡುತ್ತಿವೆ. ತಯಾರಿಸಿದವರು ಬಾಗಿಲು ಮುಚ್ಚಿದ ಮೇಲೂ ಯಂತ್ರ ಬದುಕಿರುವುದು ಇಟ್ಟುಕೊಂಡವರ ಕೈಗುಣದಿಂದ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನೆರೆ ಇಳಿದು, ದೀಪಾವಳಿ ಕಳೆದು, ಹೊಳೆ ತಿಳಿಯಾದ ಮೇಲೆ ಭಾವನವರು ಕಡಲ ಕರೆಯಿಂದ ಒಬ್ಬ ವೃದ್ಧ ಮೇಸ್ತ್ರಿಗಳನ್ನು ಕರೆಸಿದರು. ನಾಡದೋಣಿಗಳ ಇಂಜಿನನ್ನು ರಿಪೇರಿ ಮಾಡುತ್ತಲೇ ತಲೆ ನರೆತವರು. “ಮೇಸ್ತ್ರಿಗಳೇ, ಇದನ್ನು ಸ್ವಲ್ಪ ಜೋರು ಮಾಡಿ ಕೊಡುವುದಕ್ಕಾಗುತ್ತದೆಯೋ?” ಎಂದು ಭಾವನವರು ಕೇಳಿದರು. “ಜೋರು ಮಾಡುವುದು ಆಮೇಲೆ ಮಾರಾಯರೇ, ಇದ್ದ ಜೋರು ಎಲ್ಲಿ ಹೋಯಿತೆಂದು ಮೊದಲು ನೋಡುವ” ಎಂದರು ಅವರು. ಈ ಒಂದು ವಾಕ್ಯ ನನಗೆ ಬಹಳ ಹಿಡಿಸಿತು. ಎರಡು ದಿನ ಅವರ ಪಕ್ಕದಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡೆನು. ತರಗತಿಯಲ್ಲಿ ನನ್ನ ವಿದ್ಯಾರ್ಥಿಗಳು ಇಷ್ಟು ಶ್ರದ್ಧೆಯಿಂದ ಬರೆದುಕೊಂಡುದನ್ನು ನಾನು ಕಂಡಿಲ್ಲ.

ಮೊದಲು ಅವರು ಇಂಜಿನಿನ ನಾಡಿ ನೋಡಿದರು. ಎರಡು ಪ್ಲಗ್ಗುಗಳನ್ನೂ ಬಿಚ್ಚಿ, ಅವುಗಳ ತಂತಿಗಳನ್ನು ಕಿಡಿ ಹಾರದಂತೆ ಇಂಜಿನಿನ ಲೋಹಕ್ಕೆ ತಾಗಿಸಿ, ಆ ತೂತಿಗೆ ಒತ್ತಡ ತೋರಿಸುವ ಮೀಟರು ಸಿಕ್ಕಿಸಿ, ಹಗ್ಗವನ್ನು ಐದಾರು ಸಲ ಎಳೆದರು. ಒಂದು ಸಿಲಿಂಡರಿನಲ್ಲಿ ೧೧೦ ಪೌಂಡು, ಇನ್ನೊಂದರಲ್ಲಿ ೧೦೫. “ಎರಡರ ನಡುವೆ ನೂರಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದಿದ್ದರೆ ನಾನು ಚಹಾ ಕುಡಿದು ಹೊರಟುಬಿಡುತ್ತಿದ್ದೆ” ಎಂದರು. ಪಿಸ್ಟನ್ನೂ ಅದರ ಉಂಗುರಗಳೂ ಸವೆದುಹೋಗಿದ್ದರೆ ಹೊರಗಿನ ಯಾವ ಉಪಚಾರಕ್ಕೂ ಅರ್ಥವಿಲ್ಲ; ಆಗ ಖರ್ಚು ಮಾಡುವುದೋ ಬಿಡುವುದೋ ಎಂಬುದು ಬೇರೆಯೇ ಲೆಕ್ಕ. ನಾಡಿ ನೆಟ್ಟಗಿದ್ದರೆ ರೋಗ ಬೇರೆಲ್ಲಿಯೋ ಇದೆ. ಹಳೆಯ ಯಂತ್ರಕ್ಕೆ ಒಂದು ಪೈಸೆಯನ್ನು ಖರ್ಚು ಮಾಡುವ ಮೊದಲು ಮಾಡತಕ್ಕ ಪರೀಕ್ಷೆ ಇದೊಂದೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಎರಡನೆಯದಾಗಿ ಅವರು ಇಂಜಿನನ್ನು ಬಿಟ್ಟು ದೋಣಿಯನ್ನು ಪರೀಕ್ಷಿಸಿದರು. ಇದು ನಮಗೆ ವಿಚಿತ್ರವಾಗಿ ತೋರಿತು. ಅಡಿಹಲಗೆಗಳನ್ನು ಎತ್ತಿಸಿದಾಗ ಕೆಳಗೆ ಸಂದುಗಳಲ್ಲಿ ನಿಂತಿದ್ದ ನೀರನ್ನು ಕೊಡದಲ್ಲಿ ಅಳೆದು ಚೆಲ್ಲಿದೆವು. ಹತ್ತಿರ ಹತ್ತಿರ ಅರುವತ್ತು ಲೀಟರು ಆಯಿತು. ಅರುವತ್ತು ಲೀಟರು ನೀರೆಂದರೆ ಅರುವತ್ತು ಕಿಲೋ ತೂಕ; ದುಡ್ಡು ಕೊಡದೆ ವರ್ಷಗಟ್ಟಲೆ ಪ್ರಯಾಣ ಮಾಡಿದ ಒಬ್ಬ ಗಟ್ಟಿ ಆಸಾಮಿ! ದೋಣಿಯನ್ನು ದಡಕ್ಕೆಳೆದು ಮಗುಚಿದರೆ ತಳದ ತುಂಬ ದಪ್ಪನೆಯ ಪಾಚಿ. ಅದನ್ನೆಲ್ಲ ಹೆರೆದು, ತೊಳೆದು, ಸಂದುಗಳನ್ನು ಮುಚ್ಚಿ ಒಣಗಿಸಿದೆವು.

ಮಗುಚಿದ ದೋಣಿಯ ಮೇಲೆ ಇಂಜಿನನ್ನು ಹಿಡಿದು ತೋರಿಸಿ ಅವರು ಇನ್ನೊಂದು ಸಂಗತಿಯನ್ನು ಹೇಳಿದರು. ನೀರಿನೊಳಗಿನ ರೆಕ್ಕೆಚಕ್ರವನ್ನು ಕರಾವಳಿಯವರು ಫ್ಯಾನು ಎನ್ನುತ್ತಾರೆ. ಆ ಫ್ಯಾನಿನ ಮೇಲೆ ಮೊರದಂತೆ ಚಾಚಿಕೊಂಡಿರುವ ಒಂದು ಚಪ್ಪಟೆ ತಟ್ಟೆಯಿದೆ. ದೋಣಿಯ ತಳವೂ ಈ ತಟ್ಟೆಯೂ ಒಂದೇ ಮಟ್ಟದಲ್ಲಿರಬೇಕು. ಹೆಚ್ಚೆಂದರೆ ತಟ್ಟೆ ಒಂದಂಗುಲ ಕೆಳಗಿರಬಹುದು. ಈ ಇಂಜಿನುಗಳ ಕಾಲಿನಲ್ಲಿ ಗಿಡ್ಡ, ಉದ್ದ ಎಂದು ಎರಡು ಬಗೆ: ಒಂದು ೧೫ ಅಂಗುಲ ಎತ್ತರದ ಹಿಂಬದಿ ಹಲಗೆಗೆ, ಇನ್ನೊಂದು ೨೦ ಅಂಗುಲದ ಹಲಗೆಗೆ. ಕಡಲ ದೋಣಿಯ ಉದ್ದಕಾಲಿನ ಇಂಜಿನನ್ನು ಭಾವನವರು ತಮ್ಮ ಗಿಡ್ಡ ಹಲಗೆಗೆ ಸಿಕ್ಕಿಸಿದ್ದರು. ಪರಿಣಾಮವಾಗಿ ಐದಂಗುಲ ಕಬ್ಬಿಣ ಹದಿನೈದು ವರ್ಷ ಸುಮ್ಮನೆ ನೀರನ್ನು ಉಳುತ್ತಲೇ ಇದ್ದಿತು. ಹಲಸಿನ ಮರದ ಒಂದು ಗಟ್ಟಿ ತುಂಡನ್ನು ಬೋಲ್ಟು ಹಾಕಿ ಹಲಗೆಯ ಮೇಲೆ ಏರಿಸಿದ್ದರಿಂದ ಆ ತೊಂದರೆ ತೀರಿತು. ತೀರ ಮೇಲಕ್ಕೆ ಏರಿಸಲೂ ಬಾರದು. ಹಾಗೆ ಮಾಡಿದರೆ ಫ್ಯಾನು ಗಾಳಿಯನ್ನು ಸೆಳೆದುಕೊಂಡು ಗಿರ್ರೆಂದು ತಿರುಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ.

ಆಮೇಲೆ ಬಂದಿತು ಪೆಟ್ರೋಲಿನ ಸರದಿ. ನಡುಹೊಳೆಯಲ್ಲಿ ನಮ್ಮನ್ನು ಕೈಬಿಟ್ಟ ಅಪರಾಧಿ ಇಲ್ಲಿ ಸಿಕ್ಕಿಬಿದ್ದನು. ನೆರೆಯ ದಿನ ಡಬ್ಬಿಯಲ್ಲಿದ್ದುದು ಅದರ ಹಿಂದಿನ ದೀಪಾವಳಿಯ ಕಾಲದ ಪೆಟ್ರೋಲು. ಉಳಿದಿದ್ದುದನ್ನು ಗಾಜಿನ ಸೀಸೆಗೆ ಸುರಿದು ನಿಲ್ಲಿಸಿದಾಗ ತಳದಲ್ಲಿ ನೀರು ಬೇರೆಯಾಗಿ ನಿಂತಿತು. ಇಂದಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ; ಹೀರಿದ ನೀರು ಮಿತಿಮೀರಿದಾಗ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಕೆಳಗಿಳಿಯುತ್ತವೆ. ನಮ್ಮ ದೇಶದಲ್ಲಿ ಎಥೆನಾಲಿನ ಪ್ರಮಾಣ ೨೦೨೫ರ ಹೊತ್ತಿಗೆ ನೂರಕ್ಕೆ ೨೦ರಷ್ಟಾಗಿರುವುದರಿಂದ ಈ ಎಚ್ಚರ ಆಗಿನದಕ್ಕಿಂತ ಈಗ ಹೆಚ್ಚು ಬೇಕು. ಹಳೆಯ ಕಾಲದ ರಬ್ಬರು ಕೊಳವೆಗಳನ್ನೂ ಅದು ಮೆದುಮಾಡಿ ಹಾಳುಗೆಡಹುತ್ತದೆ. ಡಬ್ಬಿಗೂ ಇಂಜಿನಿಗೂ ನಡುವೆ ಕೈಯಿಂದ ಹಿಸುಕುವ ಒಂದು ರಬ್ಬರಿನ ಉಂಡೆಯಿರುತ್ತದೆ. ನಾಲ್ಕಾರು ಸಲ ಹಿಸುಕಿದ ಮೇಲೆ ಅದು ಗಟ್ಟಿಯಾಗಬೇಕು. ನಮ್ಮದು ಎಷ್ಟು ಹಿಸುಕಿದರೂ ಮೆದುವಾಗಿಯೇ ಇರುತ್ತಿತ್ತು. ಕೊಳವೆಯ ಬಿರುಕಿನಿಂದ ಇಂಜಿನು ಪೆಟ್ರೋಲಿನೊಂದಿಗೆ ಗಾಳಿಯನ್ನೂ ಕುಡಿಯುತ್ತಿದ್ದಿತೆಂಬುದು ಅದರ ಅರ್ಥ.

ಕಾರ್ಬೊರೇಟರನ್ನು ಬಿಚ್ಚಿದಾಗ ಒಳಗೆ ಹಲಸಿನ ಮೇಣದಂತಹ ಜಿಗುಟು. ಪೆಟ್ರೋಲು ಆವಿಯಾಗಿ ಹೋದ ಮೇಲೆ ಉಳಿಯುವ ಕಿಟ್ಟ ಅದು. ಅಲ್ಲಿ ಕೂದಲಿನಷ್ಟು ಸಣ್ಣ ತೂತಿನ ಹಿತ್ತಾಳೆಯ ಜೆಟ್ಟುಗಳಿರುತ್ತವೆ; ಅವುಗಳಲ್ಲಿ ಒಂದು ಅರ್ಧ ಮುಚ್ಚಿದ್ದಿತು. ಭಾವನವರು ಸೂಜಿ ತರಲು ಎದ್ದರು. ಮೇಸ್ತ್ರಿಗಳು ತಡೆದರು. ತಂತಿಯಿಂದ ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಒಮ್ಮೆ ದೊಡ್ಡದಾದ ತೂತು ಮತ್ತೆ ಸಣ್ಣದಾಗುವುದಿಲ್ಲ. ಅದನ್ನು ತೊಳೆಯುವ ದ್ರವದಲ್ಲಿ ನೆನೆಯಿಟ್ಟು ಗಾಳಿ ಊದಿಯೇ ಬಿಡಿಸಬೇಕು. ಇಲ್ಲಿ ಮತ್ತೊಂದು ಅಪಾಯವಿದೆ. ಎರಡು ಹೊಡೆತದ ಇಂಜಿನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅದರ ಪಿಸ್ಟನ್ನಿಗೆ ಜಾರುವಿಕೆಯನ್ನು ಕೊಡುವುದು. ಜೆಟ್ಟು ಮುಚ್ಚಿ ಪೆಟ್ರೋಲು ಕಡಿಮೆಯಾಯಿತೆಂದರೆ ಎಣ್ಣೆಯೂ ಕಡಿಮೆಯಾಯಿತು. ಹಾಗೆಯೇ ಪೂರ್ತಿ ವೇಗದಲ್ಲಿ ಓಡಿಸಿದರೆ ಪಿಸ್ಟನ್ನು ಕಾದು ಕಚ್ಚಿಕೊಳ್ಳುತ್ತದೆ. ಅಂದು ಇಂಜಿನು ನಿಂತದ್ದೇ ಒಂದು ಲೆಕ್ಕದಲ್ಲಿ ಅದರ ಪ್ರಾಣವನ್ನು ಉಳಿಸಿತು.

ಎಣ್ಣೆಯ ಪ್ರಮಾಣದಲ್ಲಿ ಭಾವನವರದು ಧಾರಾಳ ಬುದ್ಧಿ. ಮುದುಕನಿಗೆ ನಾಲ್ಕು ಹನಿ ತುಪ್ಪ ಹೆಚ್ಚು ಬಡಿಸುವಂತೆ ಅಳತೆಯಿಲ್ಲದೆ ಸುರಿಯುತ್ತಿದ್ದರು. ಆ ಇಂಜಿನಿನ ಪುಸ್ತಕದಲ್ಲಿ ಹೇಳಿರುವುದು ೫೦ ಭಾಗ ಪೆಟ್ರೋಲಿಗೆ ಒಂದು ಭಾಗ ಎಣ್ಣೆ. ಎಂದರೆ ಐದು ಲೀಟರಿಗೆ ೧೦೦ ಮಿಲಿಲೀಟರು. ಹೆಚ್ಚಾದ ಎಣ್ಣೆ ಸುಡದೆ ಮಸಿಯಾಗುತ್ತದೆ. ಮಸಿ ಪ್ಲಗ್ಗಿನ ಕಿಡಿಯನ್ನು ನುಂಗುತ್ತದೆ. ಊರಿಗೆಲ್ಲ ಹೊಗೆ ಹಬ್ಬುತ್ತಿದ್ದುದರ ಗುಟ್ಟು ಇದು. ಬೇರೆ ಇಂಜಿನುಗಳಿಗೆ ಬೇರೆ ಅಳತೆಯಿರಬಹುದು. ಅವರವರ ಪುಸ್ತಕವೇ ಅವರವರಿಗೆ ಪ್ರಮಾಣ.

ಎರಡನೆಯ ದಿನ ಇಂಜಿನಿನ ಕಾಲನ್ನು ಬಿಚ್ಚಿದರು. ಹೊಳೆಯ ನೀರನ್ನು ಮೇಲಕ್ಕೆಳೆದು ಇಂಜಿನನ್ನು ತಣ್ಣಗಿಡುವ ಒಂದು ಪುಟ್ಟ ಪಂಪು ಅಲ್ಲಿದೆ. ಅದರೊಳಗೆ ರಬ್ಬರಿನ ಆರೇಳು ದಳಗಳುಳ್ಳ ಹೂವಿನಂತಹ ಒಂದು ಚಕ್ರ. ಅದನ್ನು ಇಂಪೆಲ್ಲರು ಎನ್ನುತ್ತಾರೆ. ನೆರೆಯ ಮರಳು ಕುಡಿದು ಕುಡಿದು ಅದರ ದಳಗಳೆಲ್ಲ ಒಂದೇ ಕಡೆಗೆ ಬಾಗಿ ಸೆಟೆದುಕೊಂಡಿದ್ದವು. ಒಂದು ದಳ ಮುರಿದೇ ಹೋಗಿದ್ದಿತು. ಹೊಸದನ್ನು ಹಾಕಿ ಮುಗಿಸಿಬಿಡುತ್ತಾರೆಂದುಕೊಂಡೆನು. ಅವರು ಹಾಗೆ ಮಾಡದೆ ಮುರಿದ ಚೂರಿಗಾಗಿ ನೀರಿನ ಹಾದಿಯಲ್ಲೆಲ್ಲ ಅರ್ಧ ಗಂಟೆ ಹುಡುಕಿದರು. ಆ ಚೂರು ಒಳಗೆ ಅಡ್ಡ ನಿಂತರೆ ಹೊಸ ಪಂಪೂ ನಿಷ್ಪ್ರಯೋಜಕ. ಕೊನೆಗೆ ಚಿಮಟದ ತುದಿಯಲ್ಲಿ ಅದು ಬಂದಿತು. ಮಕ್ಕಳ ಗಂಟಲಿನಿಂದ ಹುಣಸೆಬೀಜವನ್ನು ತೆಗೆದ ವೈದ್ಯರ ಮುಖದಲ್ಲಿ ಕಾಣುವ ಸಂತೋಷವನ್ನು ಅವರ ಮುಖದಲ್ಲಿ ಕಂಡೆನು.

ಇಂಜಿನು ಓಡುವಾಗ ಅದರ ಹಿಂಭಾಗದ ಒಂದು ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮುತ್ತಿರಬೇಕು. ಪಂಪು ಬದುಕಿದೆಯೆಂಬುದಕ್ಕೆ ಅದೇ ಗುರುತು. ಅದು ಸಣ್ಣದಾದರೆ ಅಥವಾ ನಿಂತರೆ ಒಡನೆ ಇಂಜಿನನ್ನು ನಿಲ್ಲಿಸತಕ್ಕದ್ದು. ನೀರಿಲ್ಲದೆ ದಡದ ಮೇಲೆ ‘ಒಂದು ಕ್ಷಣ ನೋಡೋಣ’ ಎಂದು ಓಡಿಸಿದರೂ ರಬ್ಬರಿನ ಆ ಹೂವು ಸುಟ್ಟುಹೋಗುತ್ತದೆ. ಪರೀಕ್ಷಿಸಬೇಕಾದರೆ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿಯೇ ಪರೀಕ್ಷಿಸಬೇಕು.

ಗೇರಿನ ಎಣ್ಣೆಯನ್ನು ಇಳಿಸಿದಾಗ ಅದು ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿ ಬಂದಿತು. ಎಣ್ಣೆಗೆ ನೀರು ಸೇರಿದೆಯೆಂಬುದಕ್ಕೆ ಅದೇ ಲಕ್ಷಣ. ಫ್ಯಾನನ್ನು ಕಳಚಿ ನೋಡಿದರೆ ಅದರ ದಂಡಕ್ಕೆ ಗಾಳದ ನೈಲಾನು ದಾರ ಸುತ್ತಿಕೊಂಡು, ರಬ್ಬರಿನ ಸೀಲನ್ನು ಕೊಯ್ದಿತ್ತು. ಯಾವನೋ ಹುಡುಗನು ಹೊಳೆಗೆಸೆದ ಎರಡು ಗಜ ದಾರ! ಸೀಲನ್ನು ಬದಲಿಸಿ, ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ, ಅದು ಮೇಲಿನ ತೂತಿನಲ್ಲಿ ಕಾಣುವವರೆಗೆ, ತುಂಬಿದರು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ.

ಕೊನೆಯದು ಫ್ಯಾನು. ಪ್ಲಗ್ಗಿನ ತಂತಿಗೆ ಸುತ್ತುವ ಒಂದು ಪುಟ್ಟ ಮೀಟರಿನಿಂದ ಅವರು ಇಂಜಿನಿನ ಸುತ್ತುಗಳನ್ನು ಎಣಿಸಿದರು. ಪುಸ್ತಕದ ಪ್ರಕಾರ ಪೂರ್ತಿ ವೇಗದಲ್ಲಿ ಅದು ನಿಮಿಷಕ್ಕೆ ೪,೫೦೦ರಿಂದ ೫,೫೦೦ ಸುತ್ತು ಸುತ್ತಬೇಕು. ಬಂದ ದಿನ ಅಳೆದಾಗ ೩,೯೦೦ ಇದ್ದಿತು. ಮೇಲಿನ ಉಪಚಾರಗಳೆಲ್ಲ ಆದ ಮೇಲೆ ೪,೫೦೦ಕ್ಕೆ ಏರಿತು. ಇನ್ನೂ ಹೆಚ್ಚಿಸುವುದಕ್ಕೆ ಫ್ಯಾನಿನ ಓರೆಯನ್ನು ನೋಡಬೇಕು ಎಂದರು. ಫ್ಯಾನು ಒಂದು ಸುತ್ತು ತಿರುಗಿದಾಗ ಮರದಲ್ಲಿ ತಿರುಪುಮೊಳೆ ಹೊಗುವಂತೆ ಎಷ್ಟು ಅಂಗುಲ ಮುಂದೆ ಹೋಗಬೇಕೋ ಅದು ಅದರ ಓರೆ. ನಮ್ಮದು ೧೧ ಅಂಗುಲದ್ದು. ಹಗುರ ದೋಣಿಯನ್ನು ವೇಗವಾಗಿ ಓಡಿಸುವುದಕ್ಕೆ ತಕ್ಕದ್ದು. ಅಡಿಕೆ ಮೂಟೆ, ಗೊಬ್ಬರ, ನಾಲ್ಕು ಮಂದಿ ಕೂಲಿಗಳನ್ನು ಹೊತ್ತು ಪ್ರವಾಹಕ್ಕೆ ಎದುರಾಗಿ ಹೋಗುವ ದೋಣಿಗೆ ಅದು ಭಾರ. ಚಾರ್ಮಾಡಿ ಘಾಟಿಯನ್ನು ಹತ್ತುವ ಬಸ್ಸಿನ ಚಾಲಕನು ಬಯಲಿನ ಗೇರಿನಲ್ಲಿಯೇ ಹತ್ತುತ್ತೇನೆಂದು ಹಟಹಿಡಿದಂತೆ! ಓರೆಯಲ್ಲಿ ಒಂದಂಗುಲ ಕಡಿಮೆಯಾದರೆ ಸುಮಾರು ಇನ್ನೂರು ಸುತ್ತು ಹೆಚ್ಚುತ್ತದೆ. ೯ ಅಂಗುಲದ ಫ್ಯಾನನ್ನು ಹಾಕಿದ ಮೇಲೆ ಮೀಟರು ೪,೯೦೦ ತೋರಿಸಿತು.

ನಮ್ಮ ಕಟ್ಟೆಯಿಂದ ಮೇಲಿನ ದೊಡ್ಡ ಬಂಡೆಯವರೆಗೆ ಮೂರು ಮಂದಿ ಕುಳಿತು ಹೋಗುವುದಕ್ಕೆ ಮೇಸ್ತ್ರಿಗಳು ಬಂದ ದಿನ ಒಂಬತ್ತು ನಿಮಿಷ ಹಿಡಿದಿತ್ತು. ಅವರು ಹೊರಡುವ ದಿನ ಆರು ನಿಮಿಷಕ್ಕೆ ಸ್ವಲ್ಪ ಕಡಿಮೆ. ಹಗ್ಗದ ಎರಡನೆಯ ಎಳೆತಕ್ಕೆ ಇಂಜಿನು ಎದ್ದಿತು. ಖರ್ಚಾದುದು ಹೊಸ ಇಂಜಿನಿನ ಬೆಲೆಯ ಹತ್ತರಲ್ಲೊಂದು ಪಾಲೂ ಅಲ್ಲ. ಅಶ್ವಶಕ್ತಿಯನ್ನು ಯಾರೂ ಹೊಸದಾಗಿ ಕೊಡಲಿಲ್ಲ. ನೀರು, ಪಾಚಿ, ಕಿಟ್ಟ, ಮಸಿ, ಮರಳು, ದಾರ ಇವು ಪಾಲುಮಾಡಿಕೊಂಡು ತಿನ್ನುತ್ತಿದ್ದುದನ್ನು ಬಿಡಿಸಿಕೊಂಡದ್ದಷ್ಟೆ.

ಹೊರಡುವಾಗ ಮೇಸ್ತ್ರಿಗಳು ಕೆಲವು ನಿಷೇಧಗಳನ್ನು ಹೇಳಿದರು. ಜೋರಾಗಲೆಂದು ಜೆಟ್ಟಿನ ತೂತನ್ನು ಕೊರೆಯಿಸಬಾರದು. ಉಷ್ಣವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟನ್ನು ಕಿತ್ತೆಸೆಯಬಾರದು. ಇಂಜಿನು ಸದಾ ತಣ್ಣಗಿದ್ದರೂ ಮಸಿ ಕಟ್ಟುತ್ತದೆ. ಒಂದು ಸೀಸೆ ಸುರಿದರೆ ಮುದುಕ ಹುಡುಗನಾಗುತ್ತಾನೆಂಬ ದ್ರವಗಳನ್ನು ನಂಬಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇಂಜಿನನ್ನು ತಿಂಗಳುಗಟ್ಟಲೆ ಸುಮ್ಮನೆ ಮಲಗಿಸಬಾರದು. ಮಲಗಿಸಲೇಬೇಕಾದರೆ ಪೆಟ್ರೋಲಿನ ಕೊಳವೆಯನ್ನು ಕಳಚಿ, ಕಾರ್ಬೊರೇಟರಿನಲ್ಲಿರುವುದು ತೀರುವವರೆಗೆ ಓಡಿಸಿ ನಿಲ್ಲಿಸಬೇಕು. “ಕೆಲಸದಿಂದ ಸವೆಯುವುದು ನಿಧಾನ ಮಾರಾಯರೇ; ಕೆಲಸವಿಲ್ಲದೆ ಕೆಡುವುದು ಬೇಗ” ಎಂದರು.

ಈ ಮಾತು ನಮ್ಮ ಭಾವನವರ ದೋಣಿಗೆ ಮಾತ್ರ ಹೇಳಿದ್ದೆಂದು ನಾನು ತಿಳಿಯುವುದಿಲ್ಲ. ನೆರೆ ಬರುವ ಊರುಗಳಲ್ಲಿ ಸಾರ್ವಜನಿಕರ ರಕ್ಷಣೆಗೆಂದು ದೋಣಿ, ಇಂಜಿನುಗಳನ್ನು ಇಟ್ಟಿರುತ್ತಾರೆ. ವರ್ಷದಲ್ಲಿ ಹನ್ನೊಂದು ತಿಂಗಳು ಅವು ಬಳಕೆಯಿಲ್ಲದೆ ಇರಬೇಕಾದ ವಸ್ತುಗಳು. ಬೇಕಾಗುವುದು ಒಂದೇ ಒಂದು ದಿನ. ಆ ಒಂದು ದಿನ ಅವು ಎರಡನೆಯ ಎಳೆತಕ್ಕೆ ಏಳುವುದೂ ಹತ್ತನೆಯ ಎಳೆತಕ್ಕೂ ಏಳದಿರುವುದೂ ಉಳಿದ ದಿನಗಳಲ್ಲಿ ಯ ಯಾರಾದರೂ ತಿಂಗಳಿಗೊಮ್ಮೆ ಹೊಸ ಪೆಟ್ರೋಲು ಹಾಕಿ ಹತ್ತು ನಿಮಿಷ ಓಡಿಸಿದರೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ನಮ್ಮ ಊರಿನಲ್ಲಿ ಹಾಗೆ ಮಾಡುವವರು ಇದ್ದಾರೆಯೇ ಎಂದು ಮಳೆಗಾಲಕ್ಕೆ ಮುಂಚೆ ಕೇಳಿ ತಿಳಿಯುವುದು ನಾಗರಿಕರಾದ ನಮ್ಮ ಹಕ್ಕೂ ಹೌದು, ಕರ್ತವ್ಯವೂ ಹೌದು.

ನಾನಿರುವ ಮೂಡಬಿದಿರೆಯಲ್ಲಿ ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿದೆ. ಕಾಲೇಜಿನಿಂದ ಬರುವಾಗ ಕೆಲವು ಸಂಜೆ ಅದರ ಜಗಲಿಯ ಮೇಲೆ ಕುಳಿತುಕೊಳ್ಳುತ್ತೇನೆ. ನಮ್ಮ ಕರಾವಳಿಯ ಮಳೆಯನ್ನು ಸುಮಾರು ಆರುನೂರು ವರ್ಷ ತಡೆದುಕೊಂಡ ಕಟ್ಟಡವದು. ಕಲ್ಲು ಗಟ್ಟಿ, ನಿಜ. ಆದರೆ ಕಾಲಕಾಲಕ್ಕೆ ಮಾಡಿನ ಸೋರುವಿಕೆಯನ್ನು ನೋಡಿಕೊಂಡವರು ತಲೆಮಾರಿನಿಂದ ತಲೆಮಾರಿಗೆ ಇರದಿದ್ದರೆ ಬರಿಯ ಕಲ್ಲಿನ ಗಟ್ಟಿತನ ಎಷ್ಟು ದಿನ ಕಾಯ್ದೀತು? ‘ಹಳೆಯದಾಯಿತು’ ಎಂದು ಅವರು ಹೇಳಿ ಕೈತೊಳೆದುಕೊಳ್ಳಲಿಲ್ಲವೆಂಬುದೇ ದೊಡ್ಡ ಸಂಗತಿ.

ತುಳುನಾಡಿನಲ್ಲಿ ಮೇ ತಿಂಗಳ ಕೊನೆಯ ವಾರಕ್ಕೆ ಪತ್ತನಾಜೆ ಬರುತ್ತದೆ. ಆಟಗಳೂ ಕೋಲಗಳೂ ಅಂದಿಗೆ ಮುಗಿದು, ಎಲ್ಲರೂ ಮಳೆಯ ದಾರಿ ನೋಡತೊಡಗುವ ದಿನ. ೨೦೨೦ರಿಂದ ಅಕ್ಕನ ಮನೆಯಲ್ಲಿ ಅದಕ್ಕೆ ಹೊಸದೊಂದು ವಿಧಿ ಸೇರಿದೆ. ಆ ದಿನ ಡಬ್ಬಿಯ ಪೆಟ್ರೋಲನ್ನು ಬದಲಿಸಿ, ಇಂಪೆಲ್ಲರನ್ನು ನೋಡಿ, ದೋಣಿಯಲ್ಲಿ ಒಂದು ಜೊತೆ ಹುಟ್ಟು, ತೇಲುವ ಜಾಕೆಟುಗಳು, ಒಂದು ಉದ್ದನೆಯ ಹಗ್ಗ ಇವೆಯೆಂದು ಎಣಿಸಿ, ಇಂಜಿನನ್ನು ಬಂಡೆಯವರೆಗೆ ಓಡಿಸುತ್ತಾರೆ. ಇಂಜಿನು ಎಷ್ಟು ಚೆನ್ನಾಗಿದ್ದರೂ ಹುಟ್ಟನ್ನು ಮನೆಯಲ್ಲಿ ಬಿಡುವುದಿಲ್ಲ. ನೀರು ಅಪಾಯದ ಮಟ್ಟ ಮೀರಿದ ಮೇಲೆ ದೋಣಿಯನ್ನು ಬಿಡುವುದೂ ಇಲ್ಲ. ಚಿಕ್ಕಪ್ಪನವರು ಈಗ ಮಳೆಗಾಲದ ಮೂರು ತಿಂಗಳು ಈಚೆ ದಡದಲ್ಲಿಯೇ ಇರುತ್ತಾರೆ. ೧೯೭೪ರ ಮಾತನ್ನು ಎತ್ತುವುದು ಕಡಿಮೆಯಾಗಿದೆ.

ಕಳೆದ ಪತ್ತನಾಜೆಯಂದು ನಾನೂ ಹೋಗಿದ್ದೆನು. ಅವರು ಹಿಂಬದಿಯ ಹಲಗೆಯ ಪಕ್ಕದಲ್ಲಿ ಕುಳಿತು, ಇಂಜಿನಿನಿಂದ ಚಿಮ್ಮುವ ನೀರಿನ ಎಳೆಗೆ ತಮ್ಮ ಸುಕ್ಕುಗಟ್ಟಿದ ಕೈಯನ್ನು ಒಡ್ಡಿ ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ಭಾವನವರ ಕಡೆಗೆ ತಿರುಗಿ, “ಬೆಚ್ಚಗೆ ಉಂಟು, ಜೋರೂ ಉಂಟು. ಹೋಗುವ” ಎಂದರು.